ಮನೆಯಲ್ಲಿ ಉಳಿದ ಜೋನಿ ಬೆಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಸಾಗರದ ಕಡೆ ಸಂಕ್ರಾಂತಿಯ ಆಸುಪಾಸಿನಲ್ಲಿ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕಾಯಲು ಶುರುವಾದರೆ, ಅಲ್ಲಿಂದ ಕೆಲವು ವಾರಗಳಲ್ಲಿಯೇ ಬೆಂಗಳೂರು, ಹುಬ್ಬಳ್ಳಿ, ಪುಣೆಯಲ್ಲಿರುವ ಮಕ್ಕಳ ಮನೆಗಳಿಗೆ ಜೋನಿ ಬೆಲ್ಲದ, ಅಂದರೆ ಅಚ್ಚಿಗೆ ಹೊಯ್ಯದ ನೀರು ಬೆಲ್ಲದ, ಡಬ್ಬಿಗಳು ಬಂದು ಸೇರುತ್ತವೆ. ಮೂರು ನಾಲ್ಕು ಜನರಿರುವ ಮನೆಯಲ್ಲಿ ಐದು ಕೆಜಿಯ ಡಬ್ಬಿ ಸುಲಭವಾಗಿ ಖಾಲಿಯಾಗುವುದಿಲ್ಲ. ಮಳೆಗಾಲ ಬರುವ ಹೊತ್ತಿಗೆ ಅರ್ಧ ಉಳಿದಿರುತ್ತದೆ, ಆಗ ಪ್ರಶ್ನೆಗಳು ಏಳುತ್ತವೆ. ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಟ್ಟು ಇಲ್ಲಿ ಉತ್ತರಿಸಲಾಗಿದೆ. ಜೋನಿಯನ್ನು ಸಿಹಿತಿಂಡಿಯ ಸಾಮಗ್ರಿ ಎಂದಷ್ಟೇ ನೋಡುವುದರಿಂದ ಅದು ಉಳಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹುಳಿ ಮತ್ತು ಖಾರದ ಜೊತೆಗೆ ದಿನವೂ ಒಂದೊಂದು ಚಮಚ ಬಳಸುವ ಮನೆಯಲ್ಲಿ ಅದು ಉಳಿಯುವುದು ಅಪರೂಪ.

## ಮೊದಲು ತಿಳಿಯಬೇಕಾದದ್ದು

ಜೋನಿ ಬೆಲ್ಲ, ಕಾಕಂಬಿ ಎರಡೂ ಒಂದೇ ತಾನೇ? ಇಂಗ್ಲಿಷ್ ಅಡುಗೆ ಪುಸ್ತಕದಲ್ಲಿ ಮೊಲಾಸಿಸ್ ಅಂತ ಇದ್ದರೆ ಇದನ್ನೇ ಹಾಕಬಹುದಾ?

ಎರಡೂ ಒಂದೇ ಅಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸದಿಂದ ಸಕ್ಕರೆಯ ಹರಳುಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಪ್ಪು ದ್ರವವೇ ಕಾಕಂಬಿ. ಅದರ ಬಹುಭಾಗ ಮದ್ಯಸಾರದ ತಯಾರಿಕೆಗೆ ಮತ್ತು ಪಶು ಆಹಾರಕ್ಕೆ ಹೋಗುತ್ತದೆ, ಅದು ಅಡುಗೆಮನೆಗೆ ತರುವ ವಸ್ತುವಲ್ಲ. ಜೋನಿ ಬೆಲ್ಲದಲ್ಲಿ ಏನನ್ನೂ ಬೇರ್ಪಡಿಸಿರುವುದಿಲ್ಲ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಮೇಲೆ ಬರುವ ಕೊಳೆಯನ್ನು ತೆಗೆಯುತ್ತಾ ಹೋಗಿ, ಸುಮಾರು 103ರಿಂದ 106 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಳಿಸಿದರೆ ಜೋನಿಯಾಗುತ್ತದೆ. ಇನ್ನೂ ಮುಂದೆ ಸುಮಾರು 118 ಡಿಗ್ರಿಯವರೆಗೆ ಕಾಯಿಸಿದರೆ ಅಚ್ಚಿಗೆ ಹೊಯ್ಯುವ ಗಟ್ಟಿ ಬೆಲ್ಲವಾಗುತ್ತದೆ. ಮಹಾರಾಷ್ಟ್ರದಲ್ಲಿ ಕಾಕ್ವಿ ಎಂದು ಮಾರುವುದೂ ಇದೇ ಬಗೆಯ ನೀರು ಬೆಲ್ಲ.

ಹೊರದೇಶದ ಪಾಕವಿಧಾನದಲ್ಲಿ ತಿಳಿ ಬಣ್ಣದ ಮೊಲಾಸಿಸ್ ಹೇಳಿದ್ದರೆ ಅಷ್ಟೇ ಅಳತೆಯ ಜೋನಿ ಧಾರಾಳವಾಗಿ ಹೊಂದುತ್ತದೆ. ಕಡುಕಪ್ಪಾದ, ಕಹಿಯಿರುವ ಬ್ಲ್ಯಾಕ್‌ಸ್ಟ್ರಾಪ್ ಹೇಳಿದ್ದರೆ ಜೋನಿಯಿಂದ ಆ ರುಚಿ ಬರುವುದಿಲ್ಲ, ಸಿಹಿಯೇ ಮುಂದಾಗುತ್ತದೆ.

ಅಚ್ಚು ಬೆಲ್ಲದ ಬದಲಿಗೆ ಜೋನಿ ಎಷ್ಟು ಹಾಕಬೇಕು? ಪ್ರತಿ ಸಲ ಅಡುಗೆ ನೀರಾಗುತ್ತದೆ.

ಜೋನಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 30ರಿಂದ 36 ಪಾಲು ನೀರೇ ಇರುತ್ತದೆ. ಹಾಗಾಗಿ 100 ಗ್ರಾಂ ಅಚ್ಚು ಬೆಲ್ಲದ ಸಿಹಿ ಬೇಕಾದರೆ ಸುಮಾರು 140 ಗ್ರಾಂ ಜೋನಿ ಬೇಕು. ಜೋನಿ ನೀರಿಗಿಂತ ಭಾರವಾಗಿರುವುದರಿಂದ ಅಳತೆಯ ಲೋಟದಲ್ಲಿ ಇದು ಹೆಚ್ಚುಕಡಿಮೆ 100 ಎಂಎಲ್ ಆಗುತ್ತದೆ. ಅಂದರೆ ಗ್ರಾಂ ಲೆಕ್ಕದ ಬೆಲ್ಲಕ್ಕೆ ಅಷ್ಟೇ ಎಂಎಲ್ ಜೋನಿ ಎಂದು ನೆನಪಿಟ್ಟುಕೊಂಡರೆ ಸಾಕು. ಆದರೆ ಅದರ ಜೊತೆಗೆ ಮೂರು ದೊಡ್ಡ ಚಮಚದಷ್ಟು ನೀರೂ ಒಳಗೆ ಹೋಗುತ್ತದೆ. ಅಷ್ಟು ನೀರನ್ನು ಹಿಟ್ಟಿನಿಂದಲೋ ಹೂರಣದಿಂದಲೋ ಮೊದಲೇ ಕಡಿಮೆ ಮಾಡಬೇಕು, ಇಲ್ಲವೇ ಹೆಚ್ಚು ಹೊತ್ತು ಕಾಯಿಸಬೇಕು.

ಊರಿಂದ ಅಮ್ಮ ಐದು ಕೆಜಿ ಡಬ್ಬಿ ಕಳಿಸಿದ್ದಾರೆ. ವರ್ಷಪೂರ್ತಿ ಕೆಡದ ಹಾಗೆ ಇಡೋದು ಹೇಗೆ?

ಡಬ್ಬಿ ಬಂದ ದಿನವೇ ಅದನ್ನು ಹಂಚಿಡುವುದು ಉತ್ತಮ. ದೊಡ್ಡ ಡಬ್ಬಿಯ ಬಾಯಿಯನ್ನು ದಿನವೂ ತೆರೆದು ಮುಚ್ಚುವಾಗ ಗಾಳಿಯ ತೇವ ಮೇಲ್ಪದರಕ್ಕೆ ಸೇರಿ ಅಲ್ಲಿ ಸಿಹಿ ತೆಳುವಾಗುತ್ತದೆ, ಹುದುಗು ಶುರುವಾಗುವುದೂ ಅಲ್ಲಿಂದಲೇ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಗಾಜಿನ ಭರಣಿಗಳಿಗೆ ಒಂದೊಂದು ಕೆಜಿಯಂತೆ ತುಂಬಿಸಿ, ಒಂದನ್ನು ಮಾತ್ರ ಹೊರಗಿಟ್ಟುಕೊಂಡು, ಜೂನ್ ಬರುವ ಮೊದಲು ಉಳಿದವನ್ನು ಫ್ರಿಜ್ಜಿಗೆ ಸೇರಿಸಬಹುದು. ಜೋನಿ ತುಸು ಆಮ್ಲೀಯವಾದ್ದರಿಂದ ತುಕ್ಕು ಹಿಡಿಯುವ ತಗಡಿನ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಬಿಡಬಾರದು. ಒದ್ದೆ ಸೌಟನ್ನು ಅದ್ದಬಾರದು. ಜೋನಿ ಕೆಡುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ. ಇರುವೆಗಳಿಗೆ ಹಳೆಯ ಉಪಾಯವೇ ಸಾಕು: ತಟ್ಟೆಯಲ್ಲಿ ನೀರು ಹಾಕಿ ಭರಣಿಯನ್ನು ನಡುವೆ ಇಡಿ.

ತಳದಲ್ಲಿ ಸಕ್ಕರೆ ಹರಳು ಕಟ್ಟಿದೆ. ಇದು ಕಲಬೆರಕೆಯಾ?

ಹರಳು ಕಂಡಿತೆಂದ ಮಾತ್ರಕ್ಕೆ ಕಲಬೆರಕೆ ಎನ್ನಲಾಗದು. ಜೋನಿಯ 40ರಿಂದ 60 ಪಾಲು ಸುಕ್ರೋಸ್, ಅಂದರೆ ನಾವು ಸಕ್ಕರೆ ಎಂದು ಕೊಳ್ಳುವ ವಸ್ತುವೇ; ತಂಪಾಗಿ ನಿಂತಾಗ ಅದು ಹರಳಾಗಿ ತಳಕ್ಕೆ ಇಳಿಯುತ್ತದೆ. ಇನ್ನು 15ರಿಂದ 25 ಪಾಲು ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದಿರುತ್ತದೆ, ಈ ಪಾಲು ಹೆಚ್ಚಿದ್ದಷ್ಟೂ ಹರಳು ಕಡಿಮೆ. ಮಾರಾಟಕ್ಕೆಂದು ತಯಾರಿಸುವ ಕೆಲವರು ಹರಳು ಕಟ್ಟದಿರಲೆಂದು ಸ್ವಲ್ಪ ಸಿಟ್ರಿಕ್ ಆಮ್ಲ ಸೇರಿಸುವುದುಂಟು. ಭರಣಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಅರ್ಧ ಗಂಟೆ ಇಟ್ಟು ಒಣ ಸೌಟಿನಿಂದ ಕಲಕಿದರೆ ಹರಳಿನ ಹೆಚ್ಚು ಭಾಗ ಕರಗುತ್ತದೆ. ಕರಗಿಸಲೇಬೇಕೆಂದೇನೂ ಇಲ್ಲ, ಆ ಹರಳನ್ನು ಬಿಸಿ ದೋಸೆಯ ಮೇಲೆ ತುಪ್ಪದ ಜೊತೆ ಹಾಕಿಕೊಂಡು ತಿನ್ನುವುದನ್ನು ಇಷ್ಟಪಡುವವರೇ ಹೆಚ್ಚು.

ಮೇಲೆ ನೊರೆ ಬಂದಿದೆ, ಸ್ವಲ್ಪ ಹುಳಿ ವಾಸನೆ. ಬಿಸಾಡಬೇಕಾ?

ಬೂಷ್ಟು ಕಾಣಿಸಿದರೆ, ಅಥವಾ ವಾಸನೆಯೇ ಅಸಹ್ಯವೆನಿಸಿದರೆ, ಅದನ್ನು ತಿನ್ನುವುದಕ್ಕೆ ಬಳಸಬಾರದು. ಮೇಲಿನ ಪದರ ತೆಗೆದು ಕೆಳಗಿನದನ್ನು ಉಳಿಸಿಕೊಳ್ಳುವುದೂ ಸರಿಯಲ್ಲ. ನೊರೆ ಮಾತ್ರ ಇದ್ದು ಸಣ್ಣಗೆ ಹುಳಿ ವಾಸನೆ ಬರುತ್ತಿದ್ದರೆ ಅದು ಸಿಹಿಯಲ್ಲಿ ಬದುಕಬಲ್ಲ ಹುದುಗಿನ ಕೆಲಸ. ಅಂಥದ್ದನ್ನು ಅಗಲ ಪಾತ್ರೆಯಲ್ಲಿ ಕುದಿಸಿ, ನೊರೆ ತೆಗೆದು, ಮೊದಲಿನಷ್ಟು ಮಂದವಾದ ಮೇಲೆ ಆರಿಸಿ, ಬೇಗ ಮುಗಿಯುವ ಗೊಜ್ಜಿಗೆ ಬಳಸಬಹುದು. ಹುದುಗು ಹತ್ತಿದ ಜೋನಿಯ ಭರಣಿಗೆ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಇಡಬೇಡಿ. ಒಳಗೆ ಗಾಳಿ ತುಂಬಿ ಗಾಜು ಒಡೆಯುವ ಅಪಾಯ ನಿಜವಾಗಿಯೂ ಇದೆ.

## ದಿನದ ಅಡುಗೆಯಲ್ಲಿ

ದೋಸೆಗೆ ಹಚ್ಚಿಕೊಳ್ಳೋದು ಬಿಟ್ಟರೆ ಬೇರೆ ಏನಕ್ಕೆ ಹಾಕಬಹುದು? ನಮ್ಮನೇಲಿ ಸಿಹಿ ತಿನ್ನೋರೇ ಇಲ್ಲ.

ಸಿಹಿ ತಿನ್ನದ ಮನೆಯಲ್ಲಿಯೇ ಜೋನಿಗೆ ಹೆಚ್ಚು ಕೆಲಸವಿದೆ. ಮಲೆನಾಡು ಮತ್ತು ಕರಾವಳಿಯ ಅಡುಗೆಯಲ್ಲಿ ಹುಳಿ, ಉಪ್ಪು, ಖಾರಗಳ ಜೊತೆಗೆ ಬೆಲ್ಲವೂ ನಾಲ್ಕನೆಯದಾಗಿ ಇದ್ದೇ ಇರುತ್ತದೆ, ಮತ್ತು ಅಲ್ಲಿ ಅದರ ಕೆಲಸ ಸಿಹಿ ಮಾಡುವುದಲ್ಲ, ಹುಳಿಯ ಮೊನಚನ್ನು ತಗ್ಗಿಸಿ ಖಾರವನ್ನು ನಾಲಗೆಯ ಮೇಲೆ ಹೆಚ್ಚು ಹೊತ್ತು ನಿಲ್ಲಿಸುವುದು. ಅಪ್ಪೆಹುಳಿಯನ್ನೇ ನೋಡಿ. ಹುಳಿಮಾವಿನಕಾಯಿಯನ್ನು ಬೇಯಿಸಿ ಕಿವುಚಿ, ನೀರು ಸೇರಿಸಿ ತೆಳ್ಳಗೆ ಮಾಡಿ, ಉಪ್ಪು, ಹಸಿಮೆಣಸು ಹಾಕಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ ಕೊಟ್ಟಾಗ ಅದು ಬರೀ ಹುಳಿ. ಅದಕ್ಕೆ ಲೀಟರಿಗೆ ಎರಡು ಚಿಕ್ಕ ಚಮಚ ಜೋನಿ ಬಿದ್ದ ಕೂಡಲೇ ಕುಡಿಯುವ ಸಾರಾಗುತ್ತದೆ, ಸಿಹಿಯೆಂದು ಯಾರಿಗೂ ಅನಿಸುವುದಿಲ್ಲ.

ಹಾಗಲಕಾಯಿ ಗೊಜ್ಜಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ, ಏಕೆಂದರೆ ಕಹಿಯನ್ನು ಹಿಡಿದಿಡಲು ಹುಳಿಯೊಂದರಿಂದ ಸಾಧ್ಯವಿಲ್ಲ. ಅನಾನಸ್ ಅಥವಾ ಮಾವಿನಹಣ್ಣಿನ ಮೆಣಸ್ಕಾಯಿಯಲ್ಲಿ ಹುರಿದ ಉದ್ದಿನಬೇಳೆ, ಎಳ್ಳು, ಒಣಮೆಣಸುಗಳನ್ನು ಕಾಯಿತುರಿಯ ಜೊತೆ ರುಬ್ಬಿ ಹಾಕುತ್ತೇವಲ್ಲ, ಆ ಎಳ್ಳಿನ ಸಣ್ಣ ಕಹಿಗೂ ಜೋನಿಯ ಮಣ್ಣಿನಂಥ ಪರಿಮಳಕ್ಕೂ ಇರುವ ಹೊಂದಾಣಿಕೆ ಸಕ್ಕರೆಯಿಂದ ಬರುವುದೇ ಇಲ್ಲ. ಬಿಂಬುಳಿ ಗೊಜ್ಜು, ಉಡುಪಿ ಕಡೆಯ ಸಾರು, ಕುಂಬಳಕಾಯಿ ಹುಳಿ, ಈರುಳ್ಳಿ ಗೊಜ್ಜು, ಹುಣಸೆ ಚಟ್ನಿ ಎಲ್ಲಕ್ಕೂ ಇದೇ ಮಾತು.

ಒಂದು ಎಚ್ಚರಿಕೆ ಬೇಕು. ಬೇಳೆ ಮತ್ತು ಕಾಳು ಪೂರ್ತಿ ಮೆತ್ತಗಾಗುವ ಮೊದಲು ಹುಳಿಯನ್ನೂ ಜೋನಿಯನ್ನೂ ಹಾಕಬಾರದು. ಎರಡೂ ಕಾಳಿನ ಹೊರಪದರವನ್ನು ಗಟ್ಟಿಯಾಗಿ ಉಳಿಸುತ್ತವೆ, ಆಮೇಲೆ ಎಷ್ಟು ಕುದಿಸಿದರೂ ಬೇಯುವುದು ನಿಧಾನ. ಜೋನಿ ಕೊನೆಯ ಐದು ನಿಮಿಷಕ್ಕೆ ಬಿದ್ದರೆ ತಳ ಹಿಡಿಯುವ ಭಯವೂ ಇರುವುದಿಲ್ಲ.

ಒಂದೇ ಸಲಕ್ಕೆ ಜಾಸ್ತಿ ಜೋನಿ ಖರ್ಚಾಗೋ, ತುಂಬಾ ದಿನ ಇಡಬಹುದಾದ ಖಾರದ ಪದಾರ್ಥ ಯಾವುದಾದರೂ ಇದೆಯಾ?

ಪುಳಿಯೋಗರೆ ಗೊಜ್ಜು. ಹುಣಸೆಹಣ್ಣು 100 ಗ್ರಾಂ ತೆಗೆದುಕೊಂಡು ಬಿಸಿನೀರಿನಲ್ಲಿ ನೆನೆಸಿ ಗಟ್ಟಿ ರಸ ತೆಗೆದಿಟ್ಟುಕೊಳ್ಳಿ. ದಪ್ಪ ತಳದ ಬಾಣಲೆಯಲ್ಲಿ ಎಳ್ಳೆಣ್ಣೆ ಕಾಯಿಸಿ, ಸಾಸಿವೆ, ಕಡಲೆಬೇಳೆ, ಒಣಮೆಣಸು, ಕರಿಬೇವು, ಇಂಗು ಹಾಕಿ, ಹುಣಸೆರಸ, ಉಪ್ಪು, ಅರಿಸಿನ ಸೇರಿಸಿ, ಹಸಿವಾಸನೆ ಹೋಗುವವರೆಗೆ ಕುದಿಸಬೇಕು. ಇದಾದ ನಂತರವೇ ಐದು ದೊಡ್ಡ ಚಮಚ, ಅಂದರೆ ಸುಮಾರು 100 ಗ್ರಾಂ ಜೋನಿ ಹಾಕಿ, ಸಣ್ಣ ಉರಿಯಲ್ಲಿ ಕಲಕುತ್ತಾ, ಎಣ್ಣೆ ಅಂಚಿಗೆ ಬಿಡುವವರೆಗೆ ಕಾಯಿಸಿ. ಧನಿಯ, ಮೆಂತ್ಯ, ಕಾಳುಮೆಣಸು, ಕರಿಎಳ್ಳು, ಬ್ಯಾಡಗಿ ಮೆಣಸಿನಕಾಯಿಗಳನ್ನು ಬೇರೆ ಬೇರೆಯಾಗಿ ಹುರಿದು ಮಾಡಿದ ಪುಡಿ ಕೊನೆಗೆ ಬೀಳಬೇಕು.

ಅಚ್ಚು ಬೆಲ್ಲಕ್ಕಿಂತ ಹತ್ತು ಹದಿನೈದು ನಿಮಿಷ ಹೆಚ್ಚು ಹಿಡಿಯಬಹುದು, ಆದರೆ ಅದಕ್ಕೆ ಪ್ರತಿಫಲವಿದೆ: ಒಡೆದ ಸಕ್ಕರೆ ತೇವವನ್ನು ಹಿಡಿದಿಡುವುದರಿಂದ ಫ್ರಿಜ್ಜಿನಲ್ಲಿಟ್ಟರೂ ಗೊಜ್ಜು ಕಲ್ಲಾಗುವುದಿಲ್ಲ, ಚಮಚಕ್ಕೆ ಸುಲಭವಾಗಿ ಬರುತ್ತದೆ, ಅನ್ನಕ್ಕೆ ಉಂಡೆಗಟ್ಟದೆ ಕಲೆಯುತ್ತದೆ. ಈ ಕಾರಣಕ್ಕೆ ಪುಳಿಯೋಗರೆಗೆ ಜೋನಿಯೇ ಶ್ರೇಷ್ಠವೆಂದು ನಾನು ಹೇಳುತ್ತೇನೆ.

ಬೇಸಿಗೆಯಲ್ಲಿ ಕುಡಿಯೋಕೆ ಏನಾದರೂ ಮಾಡಬಹುದಾ?

ಬೇಸಿಗೆಯೇ ಜೋನಿಯ ಕಾಲ. ತಣ್ಣೀರಿನಲ್ಲಿಯೂ ತಕ್ಷಣ ಕರಗುವ ಬೆಲ್ಲ ಅದೊಂದೇ ಆದ್ದರಿಂದ ಪಾನಕಕ್ಕೆ ಕಾಯಿಸಿ ಸೋಸುವ ಕೆಲಸವಿಲ್ಲ. ಒಂದು ಲೋಟ ನೀರಿಗೆ ಒಂದೂವರೆ ದೊಡ್ಡ ಚಮಚ ಜೋನಿ, ಅರ್ಧ ನಿಂಬೆಹಣ್ಣು, ಚಿಟಿಕೆ ಉಪ್ಪು, ಜಜ್ಜಿದ ಕಾಳುಮೆಣಸು ಮತ್ತು ಏಲಕ್ಕಿ ಸಾಕು. ಮುರುಗಲು ಅಥವಾ ಪುನರ್ಪುಳಿಯ ಒಣಸಿಪ್ಪೆಯನ್ನು ನೆನೆಸಿದ ರಸಕ್ಕೂ ಜೋನಿ ಚೆನ್ನಾಗಿ ಹೊಂದುತ್ತದೆ, ಬಣ್ಣ ಮಾತ್ರ ಕೆಂಪಿನಿಂದ ಕಂದಿಗೆ ತಿರುಗುತ್ತದೆ. ಹುರಿದ ಎಳ್ಳನ್ನು ನುಣ್ಣಗೆ ರುಬ್ಬಿ ಜೋನಿ ಮತ್ತು ನೀರು ಸೇರಿಸಿದ ಎಳ್ಳುಪಾನಕ ಹೊಟ್ಟೆ ತುಂಬಿಸುವಂಥದ್ದು, ಅದನ್ನು ಊಟದ ಬದಲಿಗೇ ಕುಡಿಯಬಹುದು. ಆಸರಿಗೆ, ಅಂದರೆ ಬಾಯಾರಿಕೆಗೆ, ಬೇಕೇ ಎಂದು ಕೇಳಿ ನೀರಿನ ಜೊತೆ ಬೆಲ್ಲ ಕೊಡುವ ಪದ್ಧತಿ ಇರುವ ಊರುಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಾಲಿಗೆ ಹಾಕಿದರೆ ಪ್ರತಿ ಸಲ ಒಡೆಯುತ್ತದೆ. ಕಾಫಿಗೆ, ಪಾಯಸಕ್ಕೆ ಹಾಕೋದು ಹೇಗೆ?

ಜೋನಿಯ ಆಮ್ಲ ಮತ್ತು ಲವಣಗಳು ಕುದಿಯುವ ಹಾಲನ್ನು ಒಡೆಯುತ್ತವೆ. ಹಾಲು ಹಳೆಯದಾದಷ್ಟೂ ಬೇಗ ಒಡೆಯುತ್ತದೆ. ಪಾಯಸವಾದರೆ ಒಲೆ ಆರಿಸಿ, ಕೈ ತಾಗಿಸಬಹುದಾದಷ್ಟು ಬೆಚ್ಚಗಾದ ಮೇಲೆ ಜೋನಿ ಬೆರೆಸಿ, ಮತ್ತೆ ಕುದಿಸಬೇಡಿ. ಕಾಫಿಗೆ ಡಿಕಾಕ್ಷನ್ನಿನಲ್ಲಿ ಜೋನಿ ಕಲಕಿ, ಹಾಲನ್ನು ಕೊನೆಗೆ ಹೊಯ್ದುಕೊಳ್ಳುವುದು ಒಳ್ಳೆಯದು. ಹೆಸರುಬೇಳೆ, ಕಡಲೆಬೇಳೆ, ಗೋಧಿಕಡಿ ಪಾಯಸಗಳನ್ನು ಕಾಯಿಹಾಲಿನಲ್ಲಿ ಮಾಡಿದರೆ ಈ ತೊಂದರೆ ಬಹುಮಟ್ಟಿಗೆ ಇಲ್ಲ, ದಪ್ಪ ಕಾಯಿಹಾಲನ್ನು ಹಾಕಿದ ಮೇಲೆ ಹೆಚ್ಚು ಕುದಿಸದಿದ್ದರೆ ಆಯಿತು. ಬಾಳೆಹಣ್ಣು ಅಥವಾ ಮಾವಿನಹಣ್ಣಿನ ರಸಾಯನಕ್ಕೆ ಒಲೆಯೇ ಬೇಡವಾದ್ದರಿಂದ ಮೊದಲ ಸಲ ಮಾಡುವವರು ಅದರಿಂದ ಆರಂಭಿಸಬಹುದು.

## ಸಿಹಿ ಮತ್ತು ಬೇಕರಿ ತಿನಿಸು

ಯಾವ ಸಿಹಿತಿಂಡಿಗೆ ಜೋನಿ ಸರಿಹೋಗುತ್ತದೆ, ಯಾವುದಕ್ಕೆ ಬೇಡ?

ಮೆತ್ತಗಿರಬೇಕಾದ, ಹಬೆಯಲ್ಲಿ ಬೇಯುವ ಅಥವಾ ಕಾಯಿಸಿ ಮಗುಚುವ ತಿಂಡಿಗಳಿಗೆಲ್ಲ ಜೋನಿ ಹೊಂದುತ್ತದೆ. ಬೆಳೆದ ಸೌತೆಕಾಯಿಯ ಕಡುಬು, ಬಾಳೆಎಲೆಯಲ್ಲಿ ಬೇಯಿಸುವ ಹಲಸಿನಹಣ್ಣಿನ ಕಡುಬು, ಮಣ್ಣಿ, ಹಾಲುಬಾಯಿ ಇವಕ್ಕೆ ಹೇಗೂ ನೀರು ಬೇಕು. ಆ ನೀರಿನ ಪಾಲನ್ನು ಜೋನಿಯೇ ತರುತ್ತದೆ. ಹಲಸಿನಹಣ್ಣೇ ಸಿಹಿಯಾಗಿರುವಾಗ ಜೋನಿಯನ್ನು ಕಣ್ಣಳತೆಯಿಂದಲ್ಲ, ಹಿಟ್ಟಿನ ರುಚಿ ನೋಡಿ ಹಾಕಬೇಕು. ಹೋಳಿಗೆಯ ಹೂರಣಕ್ಕೆ ಹಾಕಬಹುದಾದರೂ ಹೂರಣ ಒಣಗುವವರೆಗೆ ಮಗುಚುವ ತಾಳ್ಮೆ ಬೇಕು. ಕಜ್ಜಾಯದಂಥ, ಪಾಕದ ಹದದ ಮೇಲೆಯೇ ನಿಂತಿರುವ ತಿಂಡಿಗಳಿಗೆ ಗಟ್ಟಿ ಬೆಲ್ಲವೇ ಸರಿ.

ಎಳ್ಳುಂಡೆ, ಶೇಂಗಾ ಉಂಡೆ ಮಾಡಿದರೆ ಕೈಗೆ ಅಂಟುತ್ತೆ, ಗಟ್ಟಿನೇ ಆಗಲ್ಲ. ಯಾಕೆ?

ಪಾಕ ಇನ್ನೂ ಹದಕ್ಕೆ ಬಂದಿಲ್ಲದಿರುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ಕಾಯಿಸಿ ಸರಿಪಡಿಸಲು ಬರುವುದಿಲ್ಲ: ಗ್ಲುಕೋಸ್, ಫ್ರಕ್ಟೋಸ್ ಆಗಿ ಒಡೆದ ಪಾಲು ಜೋನಿಯಲ್ಲಿ ಹೆಚ್ಚು, ಅದು ಗಾಳಿಯ ತೇವವನ್ನು ಎಳೆದುಕೊಂಡು ಉಂಡೆಯನ್ನು ಮತ್ತೆ ಮೆತ್ತಗೆ ಮಾಡುತ್ತದೆ. ಅರ್ಧ ಜೋನಿ, ಅರ್ಧ ಅಚ್ಚು ಬೆಲ್ಲ ಸೇರಿಸಿ ಪಾಕ ಮಾಡುವುದು ಒಳ್ಳೆಯ ದಾರಿ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟಾಗ ಅದು ಹರಡದೆ, ಬೆರಳಲ್ಲಿ ಉರುಟಿದರೆ ಗಟ್ಟಿ ಗುಂಡಾಗಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಮೇಲು.

ಆಲೆಮನೆಯಲ್ಲಿ ತಿಂದ ತೊಡದೇವು ಮನೆಯಲ್ಲಿ ಆಗುತ್ತದೆಯೇ?

ಆಗುತ್ತದೆ, ಆದರೆ ಮೊದಲ ಕೆಲವು ಹರಿಯುವುದು ಖಚಿತ. ನೆನೆದ ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿ, ಅದಿಲ್ಲದಿದ್ದರೆ ನೀರು ಬೆರೆಸಿದ ಜೋನಿಯಲ್ಲಿ, ಗಂಧದಷ್ಟು ನುಣ್ಣಗೆ ರುಬ್ಬಿ, ಚಿಟಿಕೆ ಅರಿಸಿನ ಮತ್ತು ಉಪ್ಪು ಹಾಕಿ, ನೀರುದೋಸೆಯ ಹಿಟ್ಟಿನಷ್ಟು ತೆಳ್ಳಗೆ ಮಾಡಿಕೊಳ್ಳಬೇಕು. ಆಲೆಮನೆಯಲ್ಲಿ ಬೋರಲು ಹಾಕಿದ ಮಣ್ಣಿನ ಮಡಕೆಯ ಉಬ್ಬಿನ ಮೇಲೆ, ಕೋಲಿಗೆ ಕಟ್ಟಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಒಂದೇ ಬೀಸಿಗೆ ಎಳೆಯುತ್ತಾರೆ. ಕಾಗದದಷ್ಟು ತೆಳ್ಳಗಿನ ಹಾಳೆ ಕ್ಷಣದಲ್ಲಿ ಬೆಂದು ಅಂಚು ಏಳುತ್ತದೆ, ತುಪ್ಪ ಸವರಿ ಮಡಚುತ್ತಾರೆ. ಮನೆಯಲ್ಲಿ ಚೆನ್ನಾಗಿ ಎಣ್ಣೆ ಪಳಗಿದ ಕಬ್ಬಿಣದ ಬಾಣಲೆಯನ್ನು ಬೋರಲು ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ ಪ್ರಯತ್ನಿಸಬಹುದು. ಜೋನಿ ಹೆಚ್ಚಾದರೆ ಹಾಳೆ ಅಂಟಿಕೊಂಡು ಕರಕಲಾಗುತ್ತದೆ. ಹಿಟ್ಟಿಗೆ ಸಣ್ಣ ಸಿಹಿಯಷ್ಟೇ ಇರಲಿ, ಉಳಿದ ಸಿಹಿಯನ್ನು ಮಡಚುವಾಗ ಮೇಲೆ ಸೇರಿಸಿ.

ಕೇಕಿಗೆ ಸಕ್ಕರೆ ಬದಲು ಜೋನಿ ಹಾಕಿದೆ, ನಡುವೆ ಕುಸಿದು ಅಂಟಂಟಾಯಿತು.

ಸಕ್ಕರೆಯನ್ನು ಪೂರ್ತಿ ಬಿಡಬೇಡಿ. ಬೆಣ್ಣೆಯ ಜೊತೆ ಸಕ್ಕರೆಯ ಹರಳನ್ನು ಕಡೆಯುವಾಗ ಗಾಳಿ ಒಳಗೆ ಸೇರುತ್ತದೆ, ದ್ರವಕ್ಕೆ ಆ ಕೆಲಸ ಮಾಡಲು ಬರುವುದಿಲ್ಲ. ಅರ್ಧ ಸಕ್ಕರೆಯ ಜಾಗಕ್ಕೆ ಜೋನಿ ಹಾಕಿ, ಹಾಲು ಅಥವಾ ನೀರನ್ನು ಮೇಲೆ ಹೇಳಿದ ಲೆಕ್ಕದಲ್ಲಿ ಕಡಿಮೆ ಮಾಡಿ, ಒಂದು ಕಪ್ ಜೋನಿಗೆ ಅರ್ಧ ಚಿಕ್ಕ ಚಮಚಕ್ಕಿಂತ ತುಸು ಕಡಿಮೆ ಅಡುಗೆ ಸೋಡಾ ಸೇರಿಸಿದರೆ ಅದರ ಆಮ್ಲ ಸೋಡಾದೊಂದಿಗೆ ಸೇರಿ ಉಬ್ಬಲು ನೆರವಾಗುತ್ತದೆ. ಜೋನಿ ಬೇಗ ಕಂದಾಗುವುದರಿಂದ ಓವನ್ನಿನ ಬಿಸಿಯನ್ನು ಹತ್ತು ಹದಿನೈದು ಡಿಗ್ರಿ ಇಳಿಸಬೇಕು. ಶುಂಠಿ, ಲವಂಗ, ದಾಲ್ಚಿನ್ನಿ ಹಾಕಿದ ಕೇಕಿಗೂ ಬಾಳೆಹಣ್ಣಿನ ಕೇಕಿಗೂ ಜೋನಿ ಬಹಳ ಹೊಂದುತ್ತದೆ, ವೆನಿಲ್ಲಾದ ಬಿಳಿ ಕೇಕಿಗೆ ಬೇಡ.

## ಇನ್ನೂ ಮುಂದೆ ಹೋಗುವವರಿಗೆ

ಮನೆಯಲ್ಲೇ ಕಾಯಿಸಿ ಇದನ್ನು ಗಟ್ಟಿ ಬೆಲ್ಲ ಮಾಡಿಟ್ಟುಕೊಳ್ಳಬಹುದಾ?

ತಾತ್ವಿಕವಾಗಿ ಸಾಧ್ಯ, ಆದರೆ ನಾನು ಸಲಹೆ ಮಾಡುವುದಿಲ್ಲ. ಹಳೆಯ ಜೋನಿಯಲ್ಲಿ ಸಕ್ಕರೆ ಹೆಚ್ಚು ಒಡೆದಿರುತ್ತದೆ, ಸಿಟ್ರಿಕ್ ಆಮ್ಲ ಸೇರಿಸಿದ್ದರೆ ಇನ್ನೂ ಹೆಚ್ಚು. ಅಂಥದ್ದು 118 ಡಿಗ್ರಿ ಮುಟ್ಟಿದರೂ ಆರಿದ ಮೇಲೆ ಅಂಟಾಗಿಯೇ ಉಳಿಯುತ್ತದೆ. ಕಾಯಿಸುವಾಗ ನೊರೆ ಜೋರಾಗಿ ಉಕ್ಕುತ್ತದೆ, ಸಿಡಿದರೆ ಆಗುವ ಸುಟ್ಟಗಾಯ ಕುದಿನೀರಿನದ್ದಕ್ಕಿಂತ ಆಳವಾದದ್ದು.

ಉಪ್ಪಿನಕಾಯಿಗೆ, ಜಾಮಿಗೆ ಬರುತ್ತದೆಯೇ?

ಉಪ್ಪುನೀರಿನಲ್ಲಿ ಹಾಕುವ ಅಪ್ಪೆಮಿಡಿಗೆ ಜೋನಿಯನ್ನು ತಾಗಿಸಬೇಡಿ. ಆ ಉಪ್ಪಿನಕಾಯಿಯ ಬಾಳಿಕೆ ಉಪ್ಪಿನ ಬಿಗಿಯ ಮೇಲೆ ನಿಂತಿದೆ. ಆದರೆ ಉತ್ತರ ಕರ್ನಾಟಕದ ಗುಳಂಬಕ್ಕೆ ಜೋನಿ ಹೇಳಿ ಮಾಡಿಸಿದ್ದು, ಮಾವಿನಕಾಯಿಯ ಕಾಲವೂ ಡಬ್ಬಿ ಅರ್ಧಕ್ಕೆ ಬಂದ ಕಾಲವೂ ಒಂದೇ. ಸಿಪ್ಪೆ ತೆಗೆದು ತುರಿದ ಮಾವಿನಕಾಯಿ ಒಂದು ಕೆಜಿಗೆ ಸುಮಾರು ಒಂದು ಕೆಜಿ 400 ಗ್ರಾಂ ಜೋನಿ ಹಿಡಿಸುತ್ತದೆ. ಅಲ್ಯುಮಿನಿಯಂ ಪಾತ್ರೆ ಬೇಡ, ಸ್ಟೀಲಿನದ್ದೇ ಇರಲಿ. ಮೊದಲು ತುರಿಯನ್ನು ಅದರದ್ದೇ ನೀರಿನಲ್ಲಿ ಮೆತ್ತಗಾಗಿಸಿ, ನಂತರ ಜೋನಿ ಹಾಕಿ, ತಟ್ಟೆಯ ಮೇಲೆ ಬಿಟ್ಟ ಹನಿಯ ಸುತ್ತ ನೀರು ಬಿಡದಂತಾಗುವವರೆಗೆ ಕಾಯಿಸಿ, ಏಲಕ್ಕಿ ಪುಡಿ ಸೇರಿಸಿ, ಬಿಸಿಯಿರುವಾಗಲೇ ಒಣ ಭರಣಿಗೆ ತುಂಬಿಸಿ. ಚಪಾತಿಗೂ ರೊಟ್ಟಿಗೂ ಮಕ್ಕಳು ಇದನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ.

ಸಕ್ಕರೆ ಕಾಯಿಲೆ ಇರುವವರು ಸಕ್ಕರೆ ಬದಲು ಜೋನಿ ತಿನ್ನಬಹುದು ಅಂತಾರೆ. ಹೌದಾ?

ಅದು ತಪ್ಪು. ಒಂದು ದೊಡ್ಡ ಚಮಚ ಜೋನಿ ಸುಮಾರು 20 ಗ್ರಾಂ ತೂಗುತ್ತದೆ, ಅದರಲ್ಲಿ 13 ಗ್ರಾಂನಷ್ಟು ಸಕ್ಕರೆಯೇ. ರಕ್ತದಲ್ಲಿ ಸಕ್ಕರೆಯ ಮಟ್ಟವನ್ನು ಅದು ಏರಿಸಿಯೇ ಏರಿಸುತ್ತದೆ. ದಿನದ ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು ನೂರಕ್ಕೆ ಹತ್ತಕ್ಕಿಂತ ಕಡಿಮೆ ಇರಬೇಕು, ಐದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ, ಸಾಮಾನ್ಯ ವಯಸ್ಕರಿಗೆ ಈ ಐದು ಪಾಲು ಎಂದರೆ ಸುಮಾರು 25 ಗ್ರಾಂ. ಜೋನಿಯಲ್ಲಿ ಖನಿಜಗಳಿರುವುದು ನಿಜವಾದರೂ ಅವುಗಳಿಗಾಗಿ ತಿನ್ನುವಷ್ಟು ಪ್ರಮಾಣ ಒಳ್ಳೆಯದಲ್ಲ. ಮಧುಮೇಹ ಇರುವವರು ಗೊಜ್ಜಿನಲ್ಲಿರುವ ಬೆಲ್ಲವನ್ನೂ ಲೆಕ್ಕಕ್ಕೆ ಹಿಡಿದು ತಮ್ಮ ವೈದ್ಯರ ಮಾತಿನಂತೆ ನಡೆಯಬೇಕು. ಒಂದು ವರ್ಷ ತುಂಬದ ಮಕ್ಕಳಿಗೆ ಜೋನಿ ಬೇಡವೇ ಬೇಡ.

ವಿದೇಶದಲ್ಲಿರೋ ಮಗಳಿಗೆ ಒಂದು ಬಾಟಲಿ ಕೊಟ್ಟು ಕಳಿಸಬಹುದಾ?

ವಿಮಾನದ ಕೈಚೀಲದಲ್ಲಿ ಸಾಮಾನ್ಯವಾಗಿ 100 ಎಂಎಲ್‌ಗಿಂತ ಹೆಚ್ಚಿನ ದ್ರವಕ್ಕೆ ಅವಕಾಶವಿಲ್ಲದ ಕಾರಣ ಅದು ದೊಡ್ಡ ಪೆಟ್ಟಿಗೆಯಲ್ಲಿಯೇ ಹೋಗಬೇಕು. ಆ ದೇಶದ ಆಹಾರ ನಿಯಮವನ್ನೂ ನೋಡಿಕೊಳ್ಳಿ. ಬಾಟಲಿಯನ್ನು ಕಂಠದವರೆಗೆ ತುಂಬಿಸದೆ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬೇರೆ ಬೇರೆಯಾಗಿ ಕಟ್ಟಿ. ಜೋನಿಗಿಂತ ಮೇಲೆ ಹೇಳಿದ ಪುಳಿಯೋಗರೆ ಗೊಜ್ಜನ್ನು ಮಾಡಿ ಕಳಿಸಿದರೆ ಮಗಳಿಗೆ ಹೆಚ್ಚು ಉಪಯೋಗವಾಗುತ್ತದೆ.

ಪೂರ್ತಿ ಹುಳಿಯಾಗಿ ತಿನ್ನೋಕಾಗದ ಜೋನಿ ಎರಡು ಕೆಜಿ ಇದೆ. ಚರಂಡಿಗೆ ಸುರಿಯೋಕೆ ಮನಸ್ಸಿಲ್ಲ.

ಸುರಿಯಬೇಡಿ, ಅದಕ್ಕೆ ತೋಟದಲ್ಲಿ ಬೆಲೆಯಿದೆ. ಶೂನ್ಯ ಬಂಡವಾಳ ಕೃಷಿಯವರು ಮಾಡುವ ಜೀವಾಮೃತಕ್ಕೆ 200 ಲೀಟರ್ ನೀರು, ಹತ್ತು ಕೆಜಿ ಸಗಣಿ, ಐದರಿಂದ ಹತ್ತು ಲೀಟರ್ ಗೋಮೂತ್ರ, ಎರಡು ಕೆಜಿ ದ್ವಿದಳ ಧಾನ್ಯದ ಹಿಟ್ಟು ಮತ್ತು ಹಿಡಿ ಮಣ್ಣಿನ ಜೊತೆ ಎರಡು ಕೆಜಿಯವರೆಗೆ ಬೆಲ್ಲ ಬೇಕು. ಅಲ್ಲಿ ಹುಳಿ ಬಂದ ಜೋನಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಊರಿನಲ್ಲಿ ತೋಟವಿರುವ ನೆಂಟರಿಗೆ ಕೊಟ್ಟುಬಿಡಿ. ನಗರದ ಮನೆಯಾದರೆ ಒಂದು ದೊಡ್ಡ ಚಮಚವನ್ನು ಒಂದು ಬಕೆಟ್ ನೀರಿನಲ್ಲಿ ಕದಡಿ, ಒಣ ಎಲೆ ತುಂಬಿದ ಗೊಬ್ಬರದ ಡಬ್ಬಿಗೆ ಸ್ವಲ್ಪ ಸ್ವಲ್ಪವೇ ಚಿಮುಕಿಸಿ ಮುಚ್ಚಿಡಿ. ಒಮ್ಮೆಗೇ ಹೆಚ್ಚು ಸುರಿದರೆ ಇರುವೆ ಮತ್ತು ನೊಣ ಮುತ್ತುತ್ತವೆ.